ಬ್ರೌಸರಿನೊಳಗಿನ ಕೆಲಸ: ಅದರ ಶಕ್ತಿಯೂ ಮಿತಿಯೂ

ನಮ್ಮ ಹುಡುಗಿಯರು ವಿದ್ಯಾರ್ಥಿವೇತನದ ಅರ್ಜಿಯನ್ನು ಈಗ ಬ್ರೌಸರಿನಲ್ಲಿಯೇ ತುಂಬುತ್ತಾರೆ. ಪಹಣಿಯನ್ನು ನೋಡುವುದೂ ಪರೀಕ್ಷೆಯ ಫಲಿತಾಂಶವನ್ನು ತಿಳಿಯುವುದೂ ಅಲ್ಲಿಯೇ. ಆದಕಾರಣ ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ತಿಳಿದಿರುವುದು ಅವಶ್ಯವೆಂದು ನಾವೆಣಿಸುತ್ತೇವೆ.

ಮೊದಮೊದಲು ಜಾಲಪುಟವು ಓದತಕ್ಕ ಹಾಳೆ ಮಾತ್ರವಾಗಿತ್ತು. ಅದರಲ್ಲಿ ಏನಾದರೂ ಬದಲಾಗಬೇಕಾದರೆ ಇಡೀ ಪುಟವನ್ನು ದೂರದ ಸರ್ವರಿನಿಂದ ಮರಳಿ ತರಿಸಬೇಕಾಗುತ್ತಿತ್ತು. 1995ರಲ್ಲಿ ಜಾವಾಸ್ಕ್ರಿಪ್ಟ್ ಎಂಬ ಭಾಷೆಯು ಬಂದು, ಪುಟದೊಳಗೇ ಲೆಕ್ಕಮಾಡುವ ಶಕ್ತಿಯುಂಟಾಯಿತು. ಪುಟವನ್ನು ಕದಲಿಸದೆ ಬೇಕಾದಷ್ಟನ್ನೇ ತರಿಸುವ ಕ್ರಮಕ್ಕೆ 2005ರಲ್ಲಿ ಅಜಾಕ್ಸ್ ಎಂದು ಹೆಸರಾಯಿತು. ಗೂಗಲ್ ನಕ್ಷೆಯೂ ಅದೇ ವರ್ಷದ್ದು. ಇಂದು ಪತ್ರ ಬರೆಯುವುದು, ಲೆಕ್ಕವಿಡುವುದು, ಚಿತ್ರ ತಿದ್ದುವುದು, ಮುಖ ನೋಡುತ್ತ ಪಾಠ ಹೇಳುವುದು, ಎಲ್ಲವೂ ಬ್ರೌಸರಿನಲ್ಲಿ ನಡೆಯುತ್ತವೆ. ಬೇರೆ ತಂತ್ರಾಂಶವನ್ನು ಕೊಂಡು ಹಾಕಿಕೊಳ್ಳಬೇಕಾಗಿಲ್ಲ. ಕನ್ನಡ ಅಕ್ಷರಗಳ ಅಚ್ಚನ್ನು ಸಹ ಪುಟವು ತನ್ನೊಡನೆ ತರಬಲ್ಲದು. ಬಡವರಿಗೆ ಇದು ಸಣ್ಣ ಉಪಕಾರವಲ್ಲ.

ಇನ್ನು ಮಿತಿಗಳು. ಕಳೆದ ವರ್ಷ ಕಮಲಾಪುರದಿಂದ ಕಲಬುರಗಿಗೆ ಓದಲು ಬರುವ ಹುಡುಗಿಯೊಬ್ಬಳು ಅರ್ಜಿಯ ನಾಲ್ಕು ಪುಟಗಳನ್ನು ರಾತ್ರಿ ಮನೆಯಲ್ಲಿ ತಂದೆಯ ಮೊಬೈಲಿನಲ್ಲಿ ತುಂಬಿದಳು. ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಪೆಟ್ಟಿಗೆಯಿಂದ ಹುಡುಕಿ ತರುವಷ್ಟರಲ್ಲಿ ಅವಧಿ ಮುಗಿದಿತ್ತು; ಗುಂಡಿಯನ್ನೊತ್ತಿದೊಡನೆ ಪುಟವೆಲ್ಲ ಖಾಲಿಯಾಯಿತು. ಮರುದಿನವೇ ಕೊನೆಯ ದಿನ. ಆ ವೇತನವಿಲ್ಲದಿದ್ದರೆ ಅವಳ ಓದು ಮುಂದುವರಿಯುವುದು ಕಷ್ಟವಿತ್ತು.

ಆದದ್ದು ಇಷ್ಟೆ. ಬರೆದುದೆಲ್ಲವೂ ಅವಳ ಪುಟದಲ್ಲಿ ಮಾತ್ರ ಇದ್ದಿತೇ ಹೊರತು ಸರ್ವರಿಗೆ ಮುಟ್ಟಿರಲಿಲ್ಲ. ಬರೆಯುತ್ತಿರುವವಳು ಇನ್ನೂ ಅವಳೇ ಎಂಬ ಗುರುತನ್ನು ಸರ್ವರು ಕೆಲವು ನಿಮಿಷಗಳ ವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. ಹತ್ತು ಮಂದಿ ಬಳಸುವ ಕಂಪ್ಯೂಟರುಗಳಿರುವಾಗ ಇದು ವಿವೇಕವೇ ಸರಿ. ಆದರೆ ಬರೆದಷ್ಟನ್ನು ಆಗಾಗ ಕಾಪಾಡುವ ಏರ್ಪಾಡನ್ನು ಪುಟ ಕಟ್ಟುವವರು ಮಾಡಬಹುದಾಗಿದೆ; ಇಂಟರ್‌ನೆಟ್ ಇಲ್ಲದಾಗಲೂ ಪುಟವು ತೆರೆಯುವಂತೆ ಮಾಡುವ ಸಾಧನವೂ ಉಂಟು. ಮಾಡದಿರುವುದು ಕಟ್ಟಿದವರ ಔದಾಸೀನ್ಯವೆಂದೇ ನಮ್ಮ ಅಭಿಪ್ರಾಯ.

ಹಾಗೆ ಬ್ರೌಸರಿನಲ್ಲಿ ಕಾಪಾಡಿದ್ದಾದರೂ ಶಾಶ್ವತವಲ್ಲ. ಆ ಸಂಗ್ರಹವನ್ನು ಅಳಿಸಿದರೆ ಅದೂ ಹೋಗುತ್ತದೆ. ಕೆಲದಿನ ಆ ತಾಣಕ್ಕೆ ಹೋಗದಿದ್ದರೆ ತಾನಾಗಿಯೇ ಅಳಿಸುವ ಬ್ರೌಸರುಗಳೂ ಇವೆ. ಮೊಬೈಲಿನಲ್ಲಿ ಉಳಿದದ್ದು, ಸರ್ವರಿಗೆ ಮುಟ್ಟದ ಹೊರತು, ಶಾಲೆಯ ಕಂಪ್ಯೂಟರಿನಲ್ಲಿ ಕಾಣದು. ಫ್ಲ್ಯಾಶ್ ಎಂಬುದರಿಂದ ಕಟ್ಟಿದ ಪಾಠಗಳು, ಅದರ ಆಧಾರವು 2020ರ ಡಿಸೆಂಬರ್ 31ಕ್ಕೆ ನಿಂತ ಮೇಲೆ, ಬ್ರೌಸರುಗಳಲ್ಲಿ ನಡೆಯದಂತಾದವು.

ಒಂದು ಮಿತಿ ಮಾತ್ರ ನಮಗೆ ಹಿತಕರವಾದುದು. ಅಪ್ಪಣೆಯಿಲ್ಲದೆ ಪುಟವು ಕ್ಯಾಮೆರಾವನ್ನಾಗಲಿ, ನಾವಿರುವ ನಿಖರವಾದ ಸ್ಥಳವನ್ನಾಗಲಿ ನೋಡಲಾರದು. ಅಪ್ಪಣೆ ಕೇಳುವ ಚೀಟಿಯನ್ನು ಓದದೆ ಒತ್ತಿಬಿಡುವವರೇ ಹೆಚ್ಚು, ತಾಯಂದಿರೂ ಸೇರಿ.

ಆ ಹುಡುಗಿ ಮರುದಿನ ಮೊದಲ ಬಸ್ಸಿಗೆ ಬಂದಳು. ವಿವರಗಳನ್ನೆಲ್ಲ ಮೊದಲು ಕಾಗದದ ಮೇಲೆ ಬರೆಸಿ, ಆಮೇಲೆ ಒಂದೇ ಸಲಕ್ಕೆ ತುಂಬಿಸಿದೆವು; ಮಧ್ಯಾಹ್ನದೊಳಗೆ ಸ್ವೀಕೃತಿಯು ಬಂದಿತು. ಈಗ ಪ್ರತಿಯೊಬ್ಬಳ ಸ್ವೀಕೃತಿ ಸಂಖ್ಯೆಯನ್ನೂ ಶಾಲೆಯ ರಿಜಿಸ್ಟರಿನಲ್ಲಿ ಶಾಯಿಯಿಂದ ಬರೆದಿಡುತ್ತೇವೆ. ಪೋಷಕರು ಆಫೀಸಿಗೆ ಬಂದು ನೋಡಬಹುದು.