ಅಳತೆ ಯಾರ ಕೈಯಲ್ಲಿದೆ, ನೋಡಿ

ಎಲ್ಲವೂ ಲಾಭದ ಲೆಕ್ಕದಲ್ಲೇ ನಡೆಯುವ ಈ ಕಾಲದಲ್ಲಿ ಸಮಾಜವಾದ ಬೇರೂರೀತೇ ಎಂದು ಕೇಳುತ್ತೀರಿ, ಮಕ್ಕಳೇ. ಬೇರೂರೀತು ಎಂದೇ ನನ್ನ ನಂಬಿಕೆ. ಆದರೆ ಮೊಬೈಲಿನಲ್ಲಿ ರಾತ್ರಿಯೆಲ್ಲ ವಾದ ಮಾಡಿ ಬೆಳಿಗ್ಗೆ ಎಲ್ಲ ಮರೆಯುವ ನಿಮ್ಮ ಅಭ್ಯಾಸ ನೋಡಿದರೆ ಭಯವಾಗುತ್ತದೆ.

ಸಾಗರ ತಾಲ್ಲೂಕಿನ ಕಾಗೋಡಿನ ಕಥೆ ಕೇಳಿ. 1951ರಲ್ಲಿ ಅಲ್ಲಿನ ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ತಕರಾರು ತೆಗೆದದ್ದು ದೊಡ್ಡ ಸಿದ್ಧಾಂತದ ಮೇಲಲ್ಲ, ಕೊಳಗದ ಮೇಲೆ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಕಣದಲ್ಲಿ ಅಳೆದ ಒಂದೊಂದು ಕೊಳಗಕ್ಕೂ ಒಕ್ಕಲ ಮನೆಯ ಅನ್ನ ಅಷ್ಟಷ್ಟು ಕಡಿಮೆಯಾಗುತ್ತಿತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತರ ಸಂಘ ಅದನ್ನೇ ಹಿಡಿದು ಹೋರಾಡಿತು. ಸಮಾಜವಾದಿ ಪಕ್ಷ ಹೆಗಲು ಕೊಟ್ಟದ್ದು, ಆ ಪಕ್ಷದ ನಾಯಕ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದದ್ದು ಆಮೇಲೆ. ಮರುವರ್ಷ ಅದೇ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದರು. ಹಾಗೆಂದು ಭೂಮಿ ಕೂಡಲೇ ಸಿಗಲಿಲ್ಲ. ದೇವರಾಜ ಅರಸರ ಸರ್ಕಾರದ 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಆಗಲೂ ಗೇಣಿದಾರ ಏಳನೇ ನಮೂನೆಯ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ತನ್ನ ಉಳುಮೆಯನ್ನು ರುಜುವಾತು ಮಾಡಬೇಕಿತ್ತು.

ಇಂದು ಕೊಳಗ ಆಪ್‌ನೊಳಗೆ ಕೂತಿದೆ. ಊಟ ತಲುಪಿಸುವ ಹುಡುಗನಿಗೆ ಇವತ್ತಿನ ಆರ್ಡರಿಗೆ ನಿನ್ನೆಗಿಂತ ಕಡಿಮೆ ಏಕೆ ಬಂತೆಂದು ಗೊತ್ತಾಗುವುದಿಲ್ಲ. ಕೇಳೋಣವೆಂದರೆ ಎದುರಿಗೆ ಮನುಷ್ಯರೇ ಇಲ್ಲ. 2025ರಲ್ಲಿ ಕರ್ನಾಟಕ ಇಂಥ ಆಪ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಕಾನೂನು ತಂದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕೊಡಬೇಕು. ಕಾರಣ ತಿಳಿಸದೆ ಏಕಾಏಕಿ ಕೆಲಸದಿಂದ ತೆಗೆಯುವಂತಿಲ್ಲ. ಬಂಡವಾಳದ ನಡುಮನೆಯಂತಿರುವ ಬೆಂಗಳೂರಿರುವ ರಾಜ್ಯದಲ್ಲೇ ಇದು ಆಗಿದೆ, ಸಣ್ಣದೆಂದು ತಳ್ಳಿಹಾಕಬೇಡಿ. ಆದರೆ ಹೆಸರು ನೋಂದಾಯಿಸದೆ, ದಿನದ ದುಡಿಮೆಯನ್ನು ಬರೆದಿಡದೆ, ಸಂಘದ ಚಂದಾ ಕಟ್ಟದೆ ಕೂತರೆ ಆ ಕಾನೂನು ಕಡತದಲ್ಲೇ ಉಳಿದೀತು.

ಇನ್ನೊಂದು ಮಾತು, ಇದು ನನ್ನನ್ನು ಹೆಚ್ಚು ನೋಯಿಸುವುದು. ಸಮಾಜವಾದಿಗಳು 1952ರಲ್ಲಿ, ಕಾಂಗ್ರೆಸ್ ಬಿಟ್ಟು ಬಂದಿದ್ದ ಕೃಪಲಾನಿಯವರ ಪಕ್ಷದೊಡನೆ ಕೂಡಿದರು. 1955ರ ಹೊತ್ತಿಗೆ ಲೋಹಿಯಾ ಬೇರೆ ಪಕ್ಷ ಕಟ್ಟಿದರು. ಆಮೇಲೂ ಕೂಡುವುದು, ಒಡೆಯುವುದು ನಿಲ್ಲಲಿಲ್ಲ. ಪ್ರತಿ ಸಲವೂ ಹಳ್ಳಿಯ ಕಾರ್ಯಕರ್ತ ದಿಕ್ಕುಗೆಟ್ಟ. ನೀವು ಹಾಗೆ ಮಾಡಬೇಡಿ. ಅಭಿಪ್ರಾಯ ಬೇರೆಯಾದರೆ ಸಭೆಯಲ್ಲೇ ಕೂತು ಜಗಳವಾಡಿ, ಬಾಗಿಲು ಹಾಕಿಕೊಂಡು ಹೊರಡಬೇಡಿ. ಕಚೇರಿಯಲ್ಲಿ ಕೂತು ದುಡಿಯುವ ನೀವೂ ನಿಮ್ಮ ಬಾಗಿಲಿಗೆ ಊಟ ತಂದವನನ್ನು ಸಂಘ ಸೇರಿದೆಯಾ ಎಂದು ಕೇಳಿ. ಇಲ್ಲವೆಂದರೆ ಮುಂದಿನ ಸಭೆ ಎಲ್ಲಿ, ಯಾವಾಗ ಎಂದು ತಿಳಿದುಕೊಂಡು ಅವನಿಗೆ ಹೇಳಿ.