ಆಕಾಶದ ಪಿಸುಮಾತು ಕೇಳಿದ ವಿಜ್ಞಾನಿ – ವಿ. ರಾಧಾಕೃಷ್ಣನ್



ಈ ಸಲ ಗೋಡೆ ಪತ್ರಿಕೆಯ ವಿಜ್ಞಾನ ವಿಭಾಗಕ್ಕೆ ಬರೆಯುವ ಪಾಳಿ ನನ್ನದು. ಏನು ಬರೆಯಬೇಕು ಅಂತ ವಾರಗಟ್ಟಲೆ ತಲೆ ಕೆರೆದುಕೊಂಡೆ. ವಿಷಯ ಸಿಕ್ಕಿದ್ದು ಗೋಲಗುಮ್ಮಟದೊಳಗೆ.

ಹೋದ ತಿಂಗಳು ನಾವೆಲ್ಲ ಬಬಲೇಶ್ವರದ ಮೇಲೆ ಹಾದು ವಿಜಯಪುರಕ್ಕೆ ಪ್ರವಾಸ ಹೋಗಿದ್ದು ನಿಮಗೆ ನೆನಪಿರಬೇಕು. ಪಿಸುಗುಟ್ಟುವ ಗ್ಯಾಲರಿಯಲ್ಲಿ ನಾನು ಈಚೆ ಗೋಡೆಗೆ ಕಿವಿಯಿಟ್ಟು ಕೂತಿದ್ದೆ. ನನ್ನ ಬೆಂಚಿನ ಗೆಳೆಯ ಆಚೆ ದಂಡೆಗೆ, ಸುಮಾರು 37 ಮೀಟರ್ ದೂರ, ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ, "ಲೇ, ಬುತ್ತಿ ಬಿಚ್ಚೂನೇನು?" ಅಂದ. ಪಕ್ಕದಲ್ಲೇ ನಿಂತು ಹೇಳಿದಂಗ ಕೇಳಿಸಿತು. ಆಗ ವಿಜ್ಞಾನದ ಸರ್ ಒಂದು ಮಾತು ಹೇಳಿದರು. ಸರ್ ಸಿ. ವಿ. ರಾಮನ್ ಅವರು 1922ರಲ್ಲಿ ಇಂಥ ಪಿಸುಗುಟ್ಟುವ ಗ್ಯಾಲರಿಗಳ ಬಗ್ಗೆ ಒಂದು ಪ್ರಬಂಧ ಬರೆದಿದ್ದಾರೆ, ಅದರಲ್ಲಿ ನಮ್ಮ ಗೋಲಗುಮ್ಮಟವೂ ಬರುತ್ತದೆ ಅಂತ. ಗುಂಡಗಿನ ಗೋಡೆಯನ್ನು ಅಂಟಿಕೊಂಡೇ ಶಬ್ದದ ಅಲೆ ಸಾಗುತ್ತದೆ, ಅದಕ್ಕೇ ಅದು ನಡುವೆ ಚದುರಿ ಹೋಗುವುದಿಲ್ಲ.

"ಅವರ ಮಕ್ಕಳೂ ವಿಜ್ಞಾನಿ ಆದ್ರೇನ್ರಿ ಸರ್?" ಅಂತ ಕೇಳಿದೆ. "ಕಿರಿಯ ಮಗ ಆದರು. ಅಪ್ಪ ಗುಮ್ಮಟದ ಪಿಸುಮಾತು ಕೇಳಿದರು, ಮಗ ಆಕಾಶದ್ದು ಕೇಳಿದರು. ನೀನs ಹುಡುಕಿ ಬರಿ" ಅಂದರು. ಹುಡುಕಿ ಬರೆದದ್ದು ಇದು.

ಆಕಾಶ ಮಾತಾಡುತ್ತದೆಯೇ?

ನಕ್ಷತ್ರಗಳಿಂದ ಬೆಳಕು ಬರುವುದು ನಮಗೆಲ್ಲ ಗೊತ್ತು. ಆದರೆ ಬೆಳಕಿನ ಜೊತೆಗೆ ಕಣ್ಣಿಗೆ ಕಾಣದ ರೇಡಿಯೋ ಅಲೆಗಳೂ ಆಕಾಶದಿಂದ ಬರುತ್ತವೆ. ಇದನ್ನು ಮೊದಲು ಗುರುತಿಸಿದವರು ಅಮೆರಿಕದ ಕಾರ್ಲ್ ಜಾನ್ಸ್ಕಿ. ಅವರು ಖಗೋಳ ವಿಜ್ಞಾನಿ ಅಲ್ಲ, ಟೆಲಿಫೋನ್ ಕಂಪನಿಯ ಇಂಜಿನಿಯರು. ಸಮುದ್ರದಾಚೆಯ ಫೋನಿನ ಮಾತಿಗೆ ಅಡ್ಡ ಬರುವ ಗದ್ದಲ ಎಲ್ಲಿಂದ ಬರುತ್ತದೆ ಅಂತ ಪತ್ತೆ ಹಚ್ಚುವುದು ಅವರ ಕೆಲಸ. ಮಳೆ ಗುಡುಗಿನ ಗದ್ದಲ ಬಿಟ್ಟು ಇನ್ನೊಂದು ಸಣ್ಣ 'ಸುಂಯ್' ಸದ್ದು ಉಳಿಯಿತು. ಅದು 24 ತಾಸಿಗೊಮ್ಮೆ ಅಲ್ಲ, 23 ತಾಸು 56 ನಿಮಿಷಕ್ಕೊಮ್ಮೆ ಜೋರಾಗುತ್ತಿತ್ತು. ನಕ್ಷತ್ರಗಳು ಮರಳಿ ಅದೇ ಜಾಗಕ್ಕೆ ಬರಲು ಬೇಕಾಗುವ ಹೊತ್ತು ಅದೇ! ಸದ್ದು ಬರುತ್ತಿದ್ದುದು ನಮ್ಮ ಆಕಾಶಗಂಗೆಯಿಂದ ಅಂತ ಅವರು 1933ರಲ್ಲಿ ಜಗತ್ತಿಗೆ ತಿಳಿಸಿದರು. ಆ ನಾಲ್ಕು ನಿಮಿಷದ ಫರಕನ್ನು "ಗಡಿಯಾರ ಸರಿ ಇಲ್ಲ" ಅಂತ ಬಿಟ್ಟಿದ್ದರೆ ರೇಡಿಯೋ ಖಗೋಳ ವಿಜ್ಞಾನ ಆಗ ಹುಟ್ಟುತ್ತಿರಲಿಲ್ಲ.

(ತಿದ್ದುಪಡಿ: ನಾನು ಮೊದಲು "ನಮ್ಮ ಅಜ್ಜನ ರೇಡಿಯೋದ ಸುಂಯ್ ಸದ್ದೆಲ್ಲ ನಕ್ಷತ್ರದ್ದು" ಅಂತ ಬರೆದಿದ್ದೆ. ಸರ್ ಕೆಂಪು ಮಸಿಯಲ್ಲಿ ಹೊಡೆದು ಹಾಕಿದರು. ಮೀಡಿಯಂ ವೇವ್‌ನಲ್ಲಿ ಕೇಳುವುದು ಬಹಳಷ್ಟು ಮಿಂಚಿನ ಮತ್ತು ಕರೆಂಟಿನ ಗದ್ದಲ. ಆಕಾಶಗಂಗೆಯ ಆ ಅಲೆಗಳನ್ನು ಭೂಮಿಯ ಮೇಲಿನ ಅಯಾನುಗಳ ಪದರ ತಡೆದು ಹಿಂದಕ್ಕೆ ಕಳಿಸುತ್ತದೆ. ಎಫ್.ಎಂ.ನಲ್ಲಿ ಎರಡು ಸ್ಟೇಶನ್‌ಗಳ ನಡುವಿನ ಸದ್ದಿನಲ್ಲಿ ಮಾತ್ರ ಸ್ವಲ್ಪ ಪಾಲು ಆಕಾಶಗಂಗೆಯದು.)

ಬಾಲ್ಯ ಮತ್ತು ಓದು

ವೆಂಕಟರಾಮನ್ ರಾಧಾಕೃಷ್ಣನ್ ಹುಟ್ಟಿದ್ದು 18 ಮೇ 1929ರಂದು, ಮದ್ರಾಸಿನ ತೊಂಡಿಯಾರ್‌ಪೇಟೆಯಲ್ಲಿ. ಮರುವರ್ಷವೇ, 1930ರಲ್ಲಿ, ತಂದೆಗೆ ನೊಬೆಲ್ ಬಹುಮಾನ ಬಂತು. 1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಹೀಗೆ ಮಗ ನಮ್ಮ ಕರ್ನಾಟಕದಲ್ಲೇ ಬೆಳೆದರು. ಮೈಸೂರು ವಿಶ್ವವಿದ್ಯಾನಿಲಯದಿಂದ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಆನರ್ಸ್ ಪದವಿ ಪಡೆದರು.

ಗೆಳೆಯರೇ, ಇಲ್ಲಿ ಒಂದು ಆಶ್ಚರ್ಯ. ಇಷ್ಟು ದೊಡ್ಡ ವಿಜ್ಞಾನಿ ಪಿಎಚ್.ಡಿ. ಮಾಡಲೇ ಇಲ್ಲ! ಬಹಳ ವರ್ಷದ ಮೇಲೆ, 1996ರಲ್ಲಿ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯ ತಾನಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಇದನ್ನು ಓದಿ ಯಾರೂ "ಸಾಲಿ ಕಲಿಯೂದು ಬ್ಯಾಡ" ಅಂತ ತಿಳಿಯಬಾರದು. ಅವರು ಕಲಿಯುವುದನ್ನು ಬಿಡಲಿಲ್ಲ. ಕೈಯಿಂದ ಮಾಡುತ್ತ ಕಲಿತರು. 1955ರಲ್ಲಿ ಸ್ವೀಡನ್ ದೇಶದ ಗೋಥೆನ್‌ಬರ್ಗ್‌ಗೆ ಹೋಗಿ, ಆಕಾಶದ ದುರ್ಬಲ ಅಲೆಗಳನ್ನು ಹಿಡಿಯುವ ರಿಸೀವರುಗಳ ಮೇಲೆ ಕೆಲಸ ಮಾಡಿದರು. ಮುಂದೆ ದೋಣಿ, ಗ್ಲೈಡರುಗಳನ್ನೂ ತಾವೇ ಕಟ್ಟಿ ಹಾರಿಸುವ ಹವ್ಯಾಸ ಅವರಿಗಿತ್ತು. ಜಗತ್ತಿನ ವಿಜ್ಞಾನಿಗಳು ಅವರನ್ನು ಪ್ರೀತಿಯಿಂದ 'ರಾಡ್' ಅಂತ ಕರೆಯುತ್ತಿದ್ದರು.

ಗುರು ಗ್ರಹದ ಸುತ್ತಿನ ಪಟ್ಟಿ

ಅಲ್ಲಿಂದ ಅವರು ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಗೆ ಹೋದರು. ಗುರು ಗ್ರಹದಿಂದ ರೇಡಿಯೋ ಅಲೆ ಬರುವುದು ಆಗ ಗೊತ್ತಾಗಿತ್ತು. ಆದರೆ ಗ್ರಹದ ಯಾವ ಭಾಗದಿಂದ?

ರಾತ್ರಿ ಟಿಕೋಟಾ ರಸ್ತೆಯಲ್ಲಿ ದೂರದಿಂದ ಬರುವ ಲಾರಿ ನೋಡಿರಿ. ಮೊದಲು ಒಂದೇ ದೀಪ ಕಾಣುತ್ತದೆ. ಹತ್ತಿರ ಬಂದಾಗ ಎರಡು ಅಂತ ತಿಳಿಯುತ್ತದೆ. ಗುರು ಗ್ರಹವನ್ನು ಹತ್ತಿರ ಕರೆಯಲು ಆಗುವುದಿಲ್ಲವಲ್ಲ! ಅದಕ್ಕೆ ವಿಜ್ಞಾನಿಗಳು ಎರಡು ಡಿಶ್ ಆಂಟೆನಾಗಳನ್ನು ದೂರ ದೂರ ಇಟ್ಟು, ಎರಡರ ಅಲೆಗಳನ್ನು ಕೂಡಿಸಿ ನೋಡುತ್ತಾರೆ. ಆಗ ಒಂದೇ ಡಿಶ್‌ಗೆ ಕಾಣದ ಸೂಕ್ಷ್ಮ ವಿವರ ತಿಳಿಯುತ್ತದೆ. ರಾಧಾಕೃಷ್ಣನ್ ಮತ್ತು ಜೆ. ಎ. ರಾಬರ್ಟ್ಸ್ 1960ರಲ್ಲಿ ಹೀಗೆ ನೋಡಿದಾಗ, ಅಲೆ ಬರುವ ಜಾಗ ಗ್ರಹಕ್ಕಿಂತ ಸುಮಾರು ಮೂರು ಪಟ್ಟು ಅಗಲ ಅಂತ ಗೊತ್ತಾಯಿತು. ಅಂದ್ರೆ ಸದ್ದು ಗ್ರಹದ ಮೈಯಿಂದ ಬರುತ್ತಿರಲಿಲ್ಲ. ಗುರುವಿನ ಅಯಸ್ಕಾಂತ ಶಕ್ತಿಗೆ ಸಿಕ್ಕು ಸುತ್ತುತ್ತಿರುವ ಇಲೆಕ್ಟ್ರಾನುಗಳ ಪಟ್ಟಿಯಿಂದ ಬರುತ್ತಿತ್ತು. ಭೂಮಿಯಿಂದ ಯಾವ ನೌಕೆಯೂ ಇನ್ನೂ ಅಲ್ಲಿಗೆ ಹೋಗಿರಲಿಲ್ಲ. ಕೇಳಿಯೇ ತಿಳಿದರು!

ಓಟ ಬದಲಿಸಿದ ನಕ್ಷತ್ರ

ಈಗ ಈ ಪಾಠದ ಮುಖ್ಯ ಭಾಗಕ್ಕೆ ಬಂದೆವು. 1965ರಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಹೋದರು. ಅಲ್ಲಿ ಪಾರ್ಕ್ಸ್ ಎಂಬ ಊರಿನ ಹತ್ತಿರ 64 ಮೀಟರ್ ಅಗಲದ ಡಿಶ್ ದೂರದರ್ಶಕವಿದೆ. ನಮ್ಮ ಗೋಲಗುಮ್ಮಟದ ಗುಮ್ಮಟ ಒಳಗಿನಿಂದ ಸುಮಾರು 38 ಮೀಟರ್ ಅಗಲ. ಅದನ್ನು ಬೋರಲು ತಿರುವಿ, ಇನ್ನೂ ದೊಡ್ಡದು ಮಾಡಿ, ಆಕಾಶಕ್ಕೆ ಬಾಯಿ ಮಾಡಿ ಇಟ್ಟಂತೆ ಅಂದುಕೊಳ್ಳಿ. ಒಂದು ವ್ಯತ್ಯಾಸ ನೆನಪಿರಲಿ. ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಹರಿಯುತ್ತದೆ, ಡಿಶ್‌ನಲ್ಲಿ ಅಲೆಗಳು ಬಡಿದು ಒಂದೇ ಬಿಂದುವಿನಲ್ಲಿ ಕೂಡುತ್ತವೆ.

1967ರಲ್ಲಿ ಇಂಗ್ಲೆಂಡಿನಲ್ಲಿ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ ಪಲ್ಸಾರ್ ಎಂಬ ಹೊಸ ಬಗೆಯ ನಕ್ಷತ್ರ ಕಂಡುಹಿಡಿದರು. ಪಲ್ಸಾರ್ ಅಂದ್ರೆ ಸತ್ತ ದೊಡ್ಡ ನಕ್ಷತ್ರದ ಒಳತಿರುಳು. ಅಗಲ ಸುಮಾರು 20 ಕಿ.ಮೀ., ಅಂದ್ರೆ ಹೆಚ್ಚು ಕಡಿಮೆ ಟಿಕೋಟಾದಿಂದ ವಿಜಯಪುರದಷ್ಟು. ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು! ರಾತ್ರಿ ದ್ರಾಕ್ಷಿ ತೋಟಕ್ಕೆ ನೀರು ಬಿಡಲು ಹೋದವರು ಬ್ಯಾಟರಿ ಹಿಡಿದು ಗಿರಗಿರ ತಿರುಗಿದರೆ, ದೂರ ನಿಂತವರಿಗೆ ಬೆಳಕು ಬಂತು-ಹೋತು, ಬಂತು-ಹೋತು ಅನ್ನಿಸುತ್ತದೆ. ಪಲ್ಸಾರ್ ಹಾಗೆಯೇ ರೇಡಿಯೋ ಅಲೆಗಳನ್ನು ಬೀಸುತ್ತ ತಿರುಗುತ್ತದೆ. ವೇಲಾ ಎಂಬ ಪಲ್ಸಾರ್ ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುತ್ತದೆ. ಈ ವೇಲಾದ ಅಲೆಗಳ ಕಂಪನದ ದಿಕ್ಕು ಪ್ರತಿ ಮಿಡಿತದಲ್ಲೂ ಹೇಗೆ ಹೊರಳುತ್ತದೆ ಅಂತ 1969ರಲ್ಲಿ ಅಳೆದು, ಅಲೆಗಳು ತಿರುಗುವ ನಕ್ಷತ್ರದ ಅಯಸ್ಕಾಂತ ಧ್ರುವದ ಬಳಿಯಿಂದ ಹೊರಡುತ್ತವೆ ಅಂತ ರಾಧಾಕೃಷ್ಣನ್ ಮತ್ತು ಕುಕ್ ವಿವರಿಸಿದರು.

ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ಪಲ್ಸಾರುಗಳು ಬುಗುರಿಯಂತೆ ಮೆಲ್ಲಗೆ ಮೆಲ್ಲಗೆ ನಿಧಾನವಾಗುತ್ತ ಹೋಗಬೇಕು. ಹಾಗೇ ಆಗುತ್ತಲೂ ಇತ್ತು. ಆದರೆ 1969ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ ವೇಲಾ ಇದ್ದಕ್ಕಿದ್ದಂತೆ ಜೋರಾಗಿ ತಿರುಗತೊಡಗಿತು. ಎಷ್ಟು? ಒಂದು ಸುತ್ತಿನ ಹೊತ್ತು, ಸೆಕೆಂಡನ್ನು 100 ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು 200 ಪಾಲಿನಷ್ಟು ಕಡಿಮೆಯಾಯಿತು. ಅಷ್ಟೇ! ಇಷ್ಟು ಸಣ್ಣ ಫರಕು ಬಂದರೆ ಯಾರಿಗಾದರೂ ಮೊದಲು ಅನಿಸುವುದು, "ಯಂತ್ರ ಕೆಟ್ಟೈತಿ" ಅಂತ. ರಾಧಾಕೃಷ್ಣನ್ ಮತ್ತು ಮ್ಯಾಂಚೆಸ್ಟರ್ ಅಂಕಿಗಳನ್ನು ತಿದ್ದಲಿಲ್ಲ. ಕಂಡದ್ದನ್ನು ಕಂಡ ಹಾಗೆಯೇ ಪ್ರಕಟಿಸಿದರು. ಅಮೆರಿಕದಲ್ಲಿ ಬೇರೆ ಇಬ್ಬರು ವಿಜ್ಞಾನಿಗಳು ಬೇರೆ ದೂರದರ್ಶಕದಿಂದ ನೋಡಿ ಅದನ್ನೇ ಕಂಡಿದ್ದರು. ಅಂದ ಮೇಲೆ ತಪ್ಪು ಯಂತ್ರದ್ದಲ್ಲ, ನಕ್ಷತ್ರವೇ ಓಟ ಬದಲಿಸಿತ್ತು.

ಹೀಗೇಕೆ ಆಗುತ್ತದೆ? ಸರ್ ತರಗತಿಯಲ್ಲಿ ಒಂದು ಹಸಿ ತತ್ತಿ ತಂದು ಮೇಜಿನ ಮೇಲೆ ತಿರುಗಿಸಿದರು. ಬೆರಳಿಟ್ಟು ಒಂದು ಕ್ಷಣ ನಿಲ್ಲಿಸಿ ಕೈ ತೆಗೆದರು. ತತ್ತಿ ಮತ್ತೆ ತಾನಾಗಿ ತಿರುಗಿತು! ಸಿಪ್ಪೆ ನಿಂತರೂ ಒಳಗಿನ ದ್ರವ ತಿರುಗುತ್ತಲೇ ಇತ್ತು, ಅದು ಸಿಪ್ಪೆಯನ್ನು ಎಳೆದುಕೊಂಡಿತು. ಪಲ್ಸಾರಿನ ಒಳಗೂ ಒಂದು ವಿಚಿತ್ರ ದ್ರವವಿದೆ, ಹೊರಗಿನ ಚಿಪ್ಪು ನಿಧಾನವಾದರೂ ಅದು ಜೋರಾಗಿಯೇ ತಿರುಗುತ್ತಿದ್ದು ಒಮ್ಮೆಲೇ ತನ್ನ ವೇಗವನ್ನು ಚಿಪ್ಪಿಗೆ ಕೊಡುತ್ತದೆ ಅಂತ ವಿಜ್ಞಾನಿಗಳು ವಿವರಿಸುತ್ತಾರೆ. ಸುಮಾರು 1,000 ಜ್ಯೋತಿರ್ವರ್ಷ ದೂರದ ನಕ್ಷತ್ರದ ಹೊಟ್ಟೆಯೊಳಗಿನ ಸುದ್ದಿ ಆ ಸಣ್ಣ ಫರಕಿನಿಂದ ಹೊರಗೆ ಬಂತು.

ನನ್ನ ಒಂದು ತಪ್ಪು

ಇದನ್ನು ಓದುವಾಗ ನನಗೆ ನಾಚಿಕೆಯಾಯಿತು. ಯಾಕಂದ್ರೆ ಹೋದ ವರ್ಷ ಲೋಲಕದ ಪ್ರಯೋಗದಲ್ಲಿ ನಾನು ಮಾಡಿದ್ದು ಬೇರೆ. ಒಂದು ಮೀಟರ್ ದಾರದ ಲೋಲಕ 20 ಸಲ ತೂಗಲು 40 ಸೆಕೆಂಡು ಬರಬೇಕು ಅಂತ ಗೊತ್ತಿತ್ತು. ನನಗೆ ಮೂರು ಸಲವೂ 37 ಬಂತು. ನಾನು ರಬ್ಬರಿನಿಂದ ಅಳಿಸಿ 40 ಅಂತ ಬರೆದು ಪೂರ್ತಿ ಅಂಕ ತಗೊಂಡೆ.

ಈ ಲೇಖನ ಬರೆಯುವಾಗ ಅದೇ ದಾರವನ್ನು ಮತ್ತೆ ತೆಗೆದು ಅಳೆದೆ. ಕೊಕ್ಕೆಗೆ ಸುತ್ತಿ ಗಂಟು ಹಾಕಿದ್ದರಿಂದ ತೂಗುವ ಭಾಗ ಉಳಿದದ್ದು 85 ಸೆಂ.ಮೀ. ಮಾತ್ರ! 85 ಸೆಂ.ಮೀ.ಗೆ ಲೆಕ್ಕ ಹಾಕಿದರೆ ಸರಿಯಾಗಿ 37 ಸೆಕೆಂಡೇ ಬರುತ್ತದೆ. ಲೋಲಕ ನನಗೆ ಖರೇ ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿ ಸುಳ್ಳು ಬರೆದಿದ್ದೆ. ಸರ್‌ಗೆ ಹೇಳಿದೆ. ಅವರು ಬಯ್ಯಲಿಲ್ಲ. "ಇದನ್ನೂ ಬರಿ" ಅಂದರು. ಅದಕ್ಕೇ ಬರೆದೆ.

ಮರಳಿ ಕರ್ನಾಟಕಕ್ಕೆ

1970ರ ನವೆಂಬರ್ 21ರಂದು ಸಿ. ವಿ. ರಾಮನ್ ತೀರಿಕೊಂಡರು. ರಾಧಾಕೃಷ್ಣನ್ ಬೆಂಗಳೂರಿಗೆ ಮರಳಿ, ತಂದೆ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಗೆ 1972ರಲ್ಲಿ ನಿರ್ದೇಶಕರಾದರು. 1994ರ ತನಕ ಅದನ್ನು ನಡೆಸಿದರು. ಅವರ ಕಾಲದಲ್ಲಿ ಅಲ್ಲಿ ರೇಡಿಯೋ ಖಗೋಳ ವಿಜ್ಞಾನ ಬೇರೂರಿತು. ಸಂಸ್ಥೆಯ ಆವರಣದಲ್ಲೇ 10.4 ಮೀಟರಿನ ಡಿಶ್ ದೂರದರ್ಶಕ ಕಟ್ಟಿದರು.

ರಾಮನ್ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಕೂಡಿ ಗೌರಿಬಿದನೂರಿನ ಹತ್ತಿರ ಇನ್ನೊಂದು ದೂರದರ್ಶಕ ಕಟ್ಟಿದವು. ಅದನ್ನು ನೋಡಿದರೆ ದೂರದರ್ಶಕ ಅಂತ ಯಾರೂ ಅನ್ನುವುದಿಲ್ಲ. ಬಯಲಿನಲ್ಲಿ ಕಂಬ ನೆಟ್ಟು ತಂತಿ ಕಟ್ಟಿದ 1,000 ಆಂಟೆನಾಗಳು, ನಮ್ಮ ಕಡೆಯ ದ್ರಾಕ್ಷಿ ಪಡದ ಹಾಗೆ ಸಾಲು ಸಾಲು! ಪೂರ್ವ-ಪಶ್ಚಿಮ 1.4 ಕಿ.ಮೀ., ದಕ್ಷಿಣಕ್ಕೆ 0.45 ಕಿ.ಮೀ. ಅದು ಹಿಡಿಯುತ್ತಿದ್ದ ಅಲೆಯ ಉದ್ದವೇ ಸುಮಾರು 8.7 ಮೀಟರ್, ಅಂಥ ಅಲೆಗೆ ನುಣುಪಾದ ಡಿಶ್ ಬೇಕಿಲ್ಲ, ತಂತಿ ಸಾಕು. ಇದರಿಂದ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಮಾಡಿದ ಆಕಾಶದ ರೇಡಿಯೋ ನಕ್ಷೆ 1990ರಲ್ಲಿ ಪ್ರಕಟವಾಯಿತು. ಕರ್ನಾಟಕದ ಹೊಲದ ಬಯಲಿನಲ್ಲಿ ನಿಂತು ಮಾಡಿದ ಆಕಾಶದ ನಕ್ಷೆ!

ವಿ. ರಾಧಾಕೃಷ್ಣನ್ 3 ಮಾರ್ಚ್ 2011ರಂದು ಬೆಂಗಳೂರಿನಲ್ಲಿ ನಿಧನರಾದರು.

ನೆನಪಿಡಬೇಕಾದ್ದು

ಫರಕು ಬಂದಾಗ ಎರಡು ದಾರಿ. ಒಂದು, ರಬ್ಬರು ತಗೊಳ್ಳುವುದು. ಇನ್ನೊಂದು, ಯಾಕೆ ಬಂತು ಅಂತ ಕೇಳುವುದು. ಫರಕು ಒಮ್ಮೊಮ್ಮೆ ನಮ್ಮ ದಾರದ ತಪ್ಪು ತೋರಿಸುತ್ತದೆ, ಒಮ್ಮೊಮ್ಮೆ ನಕ್ಷತ್ರದ ಗುಟ್ಟು ಹೇಳುತ್ತದೆ. ಯಾವುದು ಅಂತ ಅಳಿಸಿದವರಿಗೆ ತಿಳಿಯುವುದೇ ಇಲ್ಲ.

ಮಾಡಿ ನೋಡಿ

ರಾತ್ರಿ ಮನೆಯ ಮಾಳಿಗೆಯಲ್ಲಿ ಒಂದೇ ಜಾಗದಲ್ಲಿ ಕೂತು, ಒಂದು ನಕ್ಷತ್ರ ಬೇವಿನ ಮರದ ಅಥವಾ ಗುಡಿಯ ಶಿಖರದ ಹಿಂದೆ ಮರೆಯಾಗುವ ಹೊತ್ತು ಬರೆದಿಡಿ. ಹತ್ತು ದಿನ ಬಿಟ್ಟು ಅಲ್ಲೇ ಕೂತು ಅದೇ ನಕ್ಷತ್ರ ನೋಡಿ. ಸುಮಾರು 40 ನಿಮಿಷ ಮೊದಲೇ ಮರೆಯಾಗುತ್ತದೆ. ಜಾನ್ಸ್ಕಿಗೆ ಸಿಕ್ಕ ನಾಲ್ಕು ನಿಮಿಷ ನಿಮಗೂ ಸಿಗುತ್ತದೆ.

ಉತ್ತರಿಸಿ

1. ಜಾನ್ಸ್ಕಿ ಕೇಳಿದ ಸದ್ದು ಸೂರ್ಯನದಲ್ಲ ಅಂತ 23 ತಾಸು 56 ನಿಮಿಷದಿಂದ ಹೇಗೆ ಗೊತ್ತಾಯಿತು?
2. ಗೋಲಗುಮ್ಮಟದ ಪಿಸುಮಾತಿಗೂ ಡಿಶ್ ಆಂಟೆನಾಕ್ಕೂ ಏನು ವ್ಯತ್ಯಾಸ?
3. ಕುದಿಸಿದ ತತ್ತಿಯನ್ನು ತಿರುಗಿಸಿ, ನಿಲ್ಲಿಸಿ ಬಿಟ್ಟರೆ ಏನಾಗುತ್ತದೆ? ಯಾಕೆ?

ಉತ್ತರ ಬರೆದು ಮುಖ್ಯ ಗುರುಗಳ ಕೋಣೆಯ ಹೊರಗಿನ ಪೆಟ್ಟಿಗೆಗೆ ಹಾಕಿ. ಮೂರನೆಯದನ್ನು ಮಾಡಿ ನೋಡಿಯೇ ಬರೆಯಿರಿ. ಬಂದದ್ದನ್ನೇ ಬರೆಯಿರಿ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ