ಕಡಸಿಗೆ ಹಗ್ಗದ ಪಾಠ: ಎಳೆತಕ್ಕಿಂತ ಸಡಿಲ ಮುಖ್ಯ

ಕಡಸಿಗೆ ಹಗ್ಗ ಹಾಕಿ ಮುಂದೆ ಒಬ್ಬರು ಜಗ್ಗುವುದು, ಹಿಂದಿನಿಂದ ಇನ್ನೊಬ್ಬರು ಬಾಲ ತಿರುಚುವುದು ನಮ್ಮಲ್ಲಿ ಹಳೆಯ ರೂಢಿ. ಕೊನೆಗೆ ಅದು ನಡೆಯುತ್ತದೆ, ನಿಜ. ಆದರೆ ನಡೆದ ಮೇಲೂ ಜಗ್ಗುತ್ತಲೇ ಇದ್ದರೆ, ನಡೆದು ತನಗೇನು ಸಿಕ್ಕಿತೆಂದು ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಬಿಗಿದ ಹಗ್ಗ ದನಕ್ಕೊಂದು ಕಿರಿಕಿರಿ. ಒಂದು ಹೆಜ್ಜೆ ಇಟ್ಟ ತಕ್ಷಣ ಬಿಗಿ ಹೋದರೆ, ಹೆಜ್ಜೆ ಇಟ್ಟರೆ ಹಗುರವೆಂದು ಅದು ಕಲಿಯುತ್ತದೆ. ಬೆನ್ನಿಗೇ ಚೂರು ಹಿಂಡಿಯೋ ಬೆಲ್ಲವೋ ಸಿಕ್ಕರೆ ಪಾಠ ಗಟ್ಟಿ. ತಡವಾಗಿ ಕೊಟ್ಟ ಹಿಂಡಿಯಿಂದ ಲಾಭವಿಲ್ಲ. ಅಷ್ಟರಲ್ಲಿ ಅದು ತಲೆ ಕೊಡವುತ್ತಿದ್ದರೆ, ಕೊಡವಿದ್ದಕ್ಕೇ ತಿಂಡಿ ಸಿಕ್ಕಿತೆಂದು ತಿಳಿದುಕೊಳ್ಳುತ್ತದೆ.

ಹಾಲು ಬಿಡಿಸಿದ ಕರು ಇದಕ್ಕೆ ಸರಿಯಾದ ವಯಸ್ಸಿನದು. ಮೈಬಲದಲ್ಲಿ ಅದಿನ್ನೂ ನಮ್ಮನ್ನು ಮೀರಿರುವುದಿಲ್ಲ. ಕುತ್ತಿಗೆಗೆ ಜೀರುಗುಣಿಕೆ ಹಾಕಬೇಡಿ, ಜಗ್ಗಿದಷ್ಟೂ ಉಸಿರು ಕಟ್ಟುತ್ತದೆ. ಮುಖಕ್ಕೆ ಮೆತ್ತನೆಯ ಹಗ್ಗ ಕಟ್ಟಿ, ಮೊದಲ ಕೆಲವು ದಿನ ಅದರ ಅಭ್ಯಾಸವಷ್ಟೇ ಆಗಲಿ. ದನದ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಸುತ್ತಲೂ ಕಾಣುತ್ತದೆ, ಬಾಲದ ನೇರ ಹಿಂದೆ ಮಾತ್ರ ಕಾಣದು. ಅಲ್ಲಿಂದ ಸದ್ದಾದರೆ ಬೆದರುತ್ತದೆ. ಎದುರಿಗೇ ನಿಂತು ದಿಟ್ಟಿಸಿದರೆ ಹಿಂದೆ ಸರಿಯುತ್ತದೆ. ಭುಜದ ಪಕ್ಕದಲ್ಲಿ ನಿಂತು, ಹಗ್ಗವನ್ನು ಹಗುರಾಗಿ ಬಿಗಿಹಿಡಿದು ಕಾಯಿರಿ. ಕರು ಮೈಯನ್ನು ಮುಂದಕ್ಕೆ ವಾಲಿಸಿದರೂ ಸಾಕು, ಸಡಿಲಿಸಿ. ದಿನಕ್ಕೆ ಹತ್ತು ನಿಮಿಷ ಮೀರಬೇಡಿ.

ಇಷ್ಟು ಪುರುಸೊತ್ತು ಯಾರಿಗಿದೆ ಎನ್ನುವವರಿದ್ದಾರೆ. ಬೆದರಿದ ಹಸು ಸರಿಯಾಗಿ ಸೊರ ಬಿಡುವುದಿಲ್ಲ ಎಂಬುದು ಅವರಿಗೂ ಗೊತ್ತು. ಕೆನಡಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಾಲು ಕರೆಯುವಾಗ, ಹಸುವನ್ನು ಒರಟಾಗಿ ನಡೆಸಿಕೊಂಡಿದ್ದ ವ್ಯಕ್ತಿ ಹತ್ತಿರ ನಿಂತಿದ್ದರೆ ಸಾಕು, ಕೆಚ್ಚಲಲ್ಲೇ ಉಳಿದ ಹಾಲು ಶೇ 70ರಷ್ಟು ಹೆಚ್ಚಿತ್ತು. ಕರುವಿದ್ದಾಗ ಉಳಿಸಿದ ಹತ್ತು ನಿಮಿಷಕ್ಕೆ ಮುಂದೆ ದಿನವೂ ಹಾಲಿನಲ್ಲಿ ದಂಡ ಕಟ್ಟಬೇಕಾದೀತು. ಮೂಗುದಾರ ಸಾಲದೇ ಎಂಬುದು ಇನ್ನೊಂದು ಮಾತು. ದೊಡ್ಡ ಎತ್ತನ್ನು ತಡೆಯಲು ಅದು ನೆರವಾಗಬಹುದು, ನಡೆಯುವುದನ್ನು ಕಲಿಸದು. ನೋವಿಗೆ ಬರುವ ದನ ನೋವು ತಪ್ಪಿದೊಡನೆ ನಿಲ್ಲುತ್ತದೆ.

ಮುದ್ದು ಹೆಚ್ಚಾದ ಹೋರಿ ಮೇಲೆ ಬೀಳುತ್ತದೆ ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಒಂಟಿಯಾಗಿ ಕಟ್ಟಿ ಸಾಕಿದ ಹೋರಿಕರು ಮನುಷ್ಯರನ್ನೇ ತನ್ನ ಜೊತೆಯವರೆಂದು ತಿಳಿದು, ಬೆಳೆದ ಮೇಲೆ ಅವರ ಮೇಲೇ ಬಲ ಪರೀಕ್ಷೆಗಿಳಿಯಬಹುದು. ಅದು ಬೇರೆ ಕರುಗಳ ಜೊತೆ ಬೆಳೆಯಲಿ. ಮಕ್ಕಳು ಅದರ ಹಣೆ ತಳ್ಳಿ ಆಡದಂತೆ ನೋಡಿಕೊಳ್ಳಿ, ಹಿಂಡಿಯನ್ನು ಅಂಗೈಯಲ್ಲಿ ಕೊಡದೆ ಬಕೆಟ್ಟಿಗೆ ಹಾಕಿ.